ಚುಕ್ಕಿಗಳ ಬಿಸಿಯೂಟ

ಈ ಜಗತ್ತಿನಲ್ಲಿ ಯಾವುದೂ ಒಂಟಿಯಾಗಿಲ್ಲ. ಪ್ರತಿಯೊಂದೂ ಮತ್ತೊಂದನ್ನು ನೋಡಿಕೊಂಡೇ ನಡೆಯುತ್ತದೆ. ಬಲ್ಲವರು ಇದನ್ನು ಸಂಕೀರ್ಣ ವ್ಯವಸ್ಥೆ ಎಂದು ಕರೆದಿದ್ದಾರೆ. ನನಗೆ ಇದು ಮನದಟ್ಟಾದದ್ದು ಬೇಯಿಸಿದ ಮೊಟ್ಟೆಯಿಂದ.

ನಾನು ಶ್ರೀರಾಮನಗರದ ಆಚೆ, ಕಾಲುವೆ ಪಕ್ಕದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ನಿವೃತ್ತಿಯ ಹೊಸ್ತಿಲಲ್ಲಿ ನಿಂತವನನ್ನು ತರಬೇತಿಗೆ ಕಳಿಸಬಾರದು. ಕಳಿಸಿದರು! ಕೊಪ್ಪಳದ ಆ ತರಬೇತಿಯಲ್ಲಿ ತರುಣರೊಬ್ಬರು ಕಂಪ್ಯೂಟರಿನ ಪರದೆಯ ಮೇಲೆ ರಾಶಿ ಚುಕ್ಕಿಗಳನ್ನು ಬಿಟ್ಟು, ಪ್ರತಿ ಚುಕ್ಕಿಗೂ ಒಂದೆರಡು ಸಣ್ಣ ನಿಯಮ ಕೊಟ್ಟು, "ಇನ್ನು ಸುಮ್ನ ನೋಡ್ರಿ ಸರ್" ಎಂದರು. ನೋಡಿದೆ. ಚುಕ್ಕಿಗಳು ಕುರಿಗಳಂತೆ ಹಿಂಡಾದವು, ಇರುವೆಗಳಂತೆ ಸಾಲಾದವು, ಗಂಗಾವತಿ ಬಸ್ ನಿಲ್ದಾಣದ ಮಂದಿಯಂತೆ ನುಗ್ಗಾಡಿದವು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ! ಇದರ ಹೆಸರು ಸಿಮ್ಯುಲೇಶನ್. ಇಷ್ಟು ವರ್ಷ ಸೀಮೆಸುಣ್ಣದಿಂದ ಲೋಕವನ್ನು ವಿವರಿಸಿದ ನಾನು ಅಂದು ಬಾಯಿ ತೆರೆದವನು ಊಟದ ಗಂಟೆಗೇ ಮುಚ್ಚಿದ್ದು.

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಆಗ ಕಂಪ್ಯೂಟರುಗಳಿಗಿಂತ ಅಕ್ಕಿಚೀಲಗಳೇ ಹೆಚ್ಚಿದ್ದವು. ತೆಗೆಸಿಕೊಡಬೇಕೆಂದು ಹೆಡ್ ಮೇಡಂ ಅವರಲ್ಲಿ ವಿನಂತಿಸಿದೆ.

"ತೆಗಸ್ತೀನ್ರಿ ಮಾಸ್ತರ. ಆದ್ರ ವರಾಂಡದಾಗ ಇಟ್ರ ಅಕ್ಕಿ ಇಲಿ ಪಾಲು. ತಿಂಗಳೊಪ್ಪತ್ತಿನಾಗ ನಿಮ್ಮ ಚುಕ್ಕಿಯಿಂದ ಶಾಲಿಗೆ ಏನರ ಉಪಯೋಗ ಆಗ್ಬೇಕು. ಆಗಲಿಲ್ಲಂದ್ರ ಚೀಲ ಒಳಗ, ನೀವು ಹೊರಗ."

ಕೋಣೆ ಸಿಕ್ಕಿತು. ಒಂಬತ್ತನೆಯ ತರಗತಿಯ ಮಕ್ಕಳನ್ನು ಕೂಡಿಸಿದೆ. ಅಬ್ಬಾ, ಆ ಮಕ್ಕಳು! ಪಾಠ ಓದಿರೆಂದರೆ ಆಕಳಿಸುತ್ತಿದ್ದವರು ಬಿಡುವಿನ ಗಂಟೆ ಬಾರಿಸಿದರೂ ಏಳಲಿಲ್ಲ. ಒಂದು ಚುಕ್ಕಿ ದಾರಿ ಬಿಟ್ಟರೆ "ಇದ್ಯಾಕ ಹಿಂಗ ಮಾಡ್ತೈತಲೇ?" ಎಂದು ತಾವೇ ಜಗಳಾಡಿ, ತಾವೇ ನಿಯಮ ತಿದ್ದಿ, ಮತ್ತೆ ಓಡಿಸಿ ನೋಡುತ್ತಿದ್ದರು. ಇಷ್ಟು ಒಳ್ಳೆಯ ವಿಜ್ಞಾನದ ತರಗತಿಯನ್ನು ನಾನು ನೋಡಿರಲಿಲ್ಲ. ಅದು ನನ್ನದೇ ತರಗತಿ ಎಂಬುದು ಇನ್ನೂ ಆಶ್ಚರ್ಯ!

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಉಪಯೋಗ ತೋರಿಸಬೇಕಲ್ಲ?

ಮೊಟ್ಟೆ ಕೊಡುವ ದಿನ ಬಿಸಿಯೂಟದ ಸಾಲು ಮುಗಿಯುವುದೇ ಇಲ್ಲ. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು. ಅಡುಗೆಯ ಹನಮವ್ವ ಪ್ರತಿ ಮಗುವನ್ನೂ "ಯಾವ್ದು ಬೇಕು?" ಎಂದು ಕೇಳಬೇಕು, ಮಗು ಅತ್ತ ಇತ್ತ ನೋಡಿ, ಅವಳ ಕಿವಿಯಲ್ಲಿ ಪಿಸುಗುಟ್ಟಬೇಕು. ಈ ಪಿಸುಮಾತಿನಿಂದ ರಾಷ್ಟ್ರದ ಕಾಲ ವ್ಯರ್ಥವಾಗುತ್ತಿದೆಯೆಂದು ನಾನು ತೀರ್ಮಾನಿಸಿದೆ. ಮೊಟ್ಟೆಯವರು ಕೆಂಪು ಚುಕ್ಕಿ, ಬಾಳೆಹಣ್ಣಿನವರು ಹಳದಿ ಚುಕ್ಕಿ. ಇಬ್ಬರಿಗೂ ಬೇರೆ ಬೇರೆ ಸಾಲು. ಓಡಿಸಿದೆ. ಪರದೆಯ ಮೇಲೆ ಅರ್ಧ ಹೊತ್ತಿನಲ್ಲಿ ಊಟ ಮುಗಿಯಿತು!

ರೇಣುಕಾ ಎಂಬ ಹುಡುಗಿ ಮೆಲ್ಲಗೆ, "ಸರ್, ಈ ಚುಕ್ಕಿಗೋಳು ಸಂಜಿಕ ಮನಿಗೆ ಹೋಗಂಗಿಲ್ರಿ" ಎಂದಳು.

"ಹೌದು. ಅದರಿಂದಲೇ ಲೆಕ್ಕ ಸ್ವಚ್ಛವಾಗಿದೆ" ಎಂದೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಸರೋಜಾಳಿಗೂ ವಿವರಿಸಿದೆ. ಅವಳು ರೊಟ್ಟಿ ಹಾಕುತ್ತ ಕೇಳಿದಳು: "ಚುಕ್ಕಿಗೆ ಹಸಿವಾಗ್ತೈತೇನ್ರಿ?"

"ಇಲ್ಲ."

"ಅದಕ್ಕ ಅಷ್ಟು ಛಲೋ ಸಾಲು ನಿಂತಾವ ಬಿಡ್ರಿ."

ವಿಜ್ಞಾನಕ್ಕೆ ಇಂಥ ವಿರೋಧ ಹೊಸದಲ್ಲ. ಮುಂದಿನ ಮೊಟ್ಟೆಯ ದಿನ ಅಂಗಳದಲ್ಲಿ ಸುಣ್ಣದಿಂದ ಎರಡು ಗೆರೆ ಎಳೆಸಿದೆ. 'ಮೊಟ್ಟೆ', 'ಬಾಳೆಹಣ್ಣು' ಎಂದು ಎರಡು ಫಲಕಗಳನ್ನು ಸ್ವಹಸ್ತದಿಂದ ಬರೆದೆ. ರಸ್ತೆಯಲ್ಲಿ ಹೋಗುವವರೂ ಓದಬಹುದಾದಷ್ಟು ದಪ್ಪ ಅಕ್ಷರ.

ಗಂಟೆ ಹೊಡೆಯಿತು. ಮಕ್ಕಳು ಬಂದರು, ಫಲಕ ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಾಳೆಹಣ್ಣಿನ ಸಾಲು ಬೆಳೆಯತೊಡಗಿತು. ಧ್ವಜಕಟ್ಟೆಯನ್ನು ಬಳಸಿ ಗೇಟು ಮುಟ್ಟಿತು. ಮನೆಯಲ್ಲೇ ಕೋಳಿ ಸಾಕಿದವರ ಮಕ್ಕಳು ಕೆಲವರು ಮೊಟ್ಟೆಯ ಸಾಲಿನಲ್ಲಿ ಠೀವಿಯಿಂದ ನಿಂತಿದ್ದರು; ಗೆಳೆಯರೆಲ್ಲ ಆಚೆ ನಿಂತದ್ದನ್ನು ಕಂಡು ಅವರೂ ಒಬ್ಬೊಬ್ಬರಾಗಿ ಜಾರಿದರು. ಕೊನೆಗೆ ಮೊಟ್ಟೆಯ ಸಾಲಿನಲ್ಲಿ ಉಳಿದವನು ನಾನೊಬ್ಬನೇ. ಅದೂ ಮೇಲ್ವಿಚಾರಣೆಗೆ!

"ಸರ್, ಮೊಟ್ಟಿ ಯಾರಿಗೆ ಹಾಕ್ಲಿ? ನಿಮಗ?" ಎಂದಳು ಹನಮವ್ವ.

ಬಾಳೆಹಣ್ಣು ತಂದಿದ್ದೇ ಸ್ವಲ್ಪ, ಕ್ಷಣದಲ್ಲಿ ಖಾಲಿ. ಸಾಲು ಮಾತ್ರ ಕದಲಲಿಲ್ಲ. ಇಂಥ ಸಂದರ್ಭದಲ್ಲಿ ವಿವೇಕಿಯಾದವನು ಫಲಕ ಕಿತ್ತುಹಾಕುತ್ತಾನೆ. ನಾನು ಪ್ರಾರ್ಥನೆಯ ಮೈಕು ತರಿಸಿದೆ.

"ಮೊಟ್ಟೆ ತಿನ್ನುವ ಎಲ್ಲ ವಿದ್ಯಾರ್ಥಿಗಳೂ ಯಾವ ಸಂಕೋಚವೂ ಇಲ್ಲದೆ ಎಡಗಡೆಯ ಸಾಲಿಗೆ ಬರತಕ್ಕದ್ದು!"

ಧ್ವನಿವರ್ಧಕದ ಬಾಯಿ ಊರಿನ ಕಡೆಗಿತ್ತು. ಕಂಪೌಂಡಿನ ಆಚೆ ಹೋಗುತ್ತಿದ್ದ ಒಬ್ಬ ಮುದುಕಿ ಗೋಡೆಗೆ ಕೈಯೂರಿ ನಿಂತಳು. "ತಡೀ, ಯಾರ್ಯಾರು ಬರ್ತಾರ ನೋಡೂಣು!"

ಯಾರೂ ಬರಲಿಲ್ಲ. ಅರ್ಧದಷ್ಟು ಮಕ್ಕಳಿಗೆ ಹಸಿವೇ ಇಲ್ಲವಾಯಿತು. ಅಂದು ಮೊಟ್ಟೆಗಳು ಪಾತ್ರೆಯಲ್ಲೇ ಆರಿದವು. ಮಧ್ಯಾಹ್ನದ ಮೊದಲ ಪಿರಿಯಡ್ಡೂ ಹೋಯಿತು. ಹೆಡ್ ಮೇಡಂ ವರಾಂಡದ ಚೀಲಗಳನ್ನು ನೋಡಿದರು, ನನ್ನನ್ನು ನೋಡಿದರು. "ಮಾಸ್ತರ, ನಾಳೆ ಚೀಲ ಒಳಗ."

ಆಗ ರೇಣುಕಾ ಮುಂದೆ ಬಂದಳು. "ಮೇಡಂ, ಒಂದು ಪಿರಿಯಡ್ ಕೊಡ್ರಿ. ಚುಕ್ಕಿಗೋಳ್ದು ತಪ್ಪಿಲ್ರಿ. ಸರಂದು ತಪ್ಪೈತ್ರಿ."

ಮೇಡಂ ಬಂದು ಕೂತರು. ಮಕ್ಕಳು ತಲೆಗೆ ತಲೆ ಹಚ್ಚಿ ಎರಡೇ ಎರಡು ನಿಯಮ ಸೇರಿಸಿದರು. ರೇಣುಕಾ ವಿವರಿಸಿದಳು: "ಕೆಂಪು ಚುಕ್ಕ್ಯಾಗ ಭಾಳಷ್ಟು ಮನ್ಯಾಗ ಮೊಟ್ಟಿ ತಿನ್ನಂಗಿಲ್ರಿ. ಶಾಲ್ಯಾಗಷ್ಟ, ಅನ್ನದ ಬುಡಕ ಮುಚ್ಚಿಟ್ಟು ತಿಂತಾವು. ಅದಕ್ಕ ಪಿಸುಗುಡೂದು. ತಮ್ಮ ಓಣಿ ಚುಕ್ಕಿ ನೋಡಾಕತ್ತೈತಿ ಅಂದ್ರ ಬಾಳಿಹಣ್ಣಿನ ಕಡೆ ಹೋಗ್ತಾವ್ರಿ. ಉಳಿದವು ಗೆಳ್ಯಾರ ಬೆನ್ನು ಹತ್ತತಾವು."

ಗುಂಡಿ ಒತ್ತಿದಳು. ಕೆಂಪು ಚುಕ್ಕಿಗಳು ತಡೆದವು, ಜಾರಿದವು, ಒಂದರ ಹಿಂದೆ ಒಂದು ಓಡಿದವು. ಸಾಲು ಬೆಳೆದು ಧ್ವಜಕಟ್ಟೆಯ ಹತ್ತಿರ ಅದೇ ರೀತಿ ಬಳುಕಿತು! ನನ್ನ ಸಮಸ್ತ ಅವಮಾನವೂ ಒಂದು ನಿಮಿಷದಲ್ಲಿ, ಬಣ್ಣದಲ್ಲಿ, ಇನ್ನೊಮ್ಮೆ ನೆರವೇರಿತು. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು.

"ಈಗ ನೋಡ್ರಿ. ಎರಡು ಸಾಲು ಇರ್ಲಿ, ಬೋರ್ಡ್ ಬ್ಯಾಡ. ಎರಡೂ ಕಡೆ ಮೊಟ್ಟಿನೂ ಇರ್ಲಿ, ಬಾಳಿಹಣ್ಣೂ ಇರ್ಲಿ. ಯಾರೂ ಕೇಳೂದು ಬ್ಯಾಡ, ಬೇಕಾದ್ದು ತಾವ ತಗೊಳ್ಳಿ."

ಚುಕ್ಕಿಗಳು ಸರಸರನೆ ಉಂಡು ಹೋದವು. ಮೇಡಂ ಪರದೆಯ ಹತ್ತಿರ ಬಾಗಿ ಒಂದು ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟರು. "ಇದು ಯಾರವ್ವಾ?"

"ಹೆಸರಿಲ್ರಿ ಮೇಡಂ. ಹೆಸರಿಟ್ರ ಅದೂ ಬಾಳಿಹಣ್ಣಿನ ಕಡೆ ಓಡ್ತೈತ್ರಿ."

ಮೇಡಂ ನಕ್ಕರು. ಅವರು ನಕ್ಕದ್ದನ್ನು ಶಾಲೆ ಅಂದೇ ಕಂಡದ್ದು. ಮುಂದಿನ ಮೊಟ್ಟೆಯ ದಿನ ಊಟ ಬೇಗ ಮುಗಿಯಿತು. ಒಂದು ಮೊಟ್ಟೆಯೂ ಉಳಿಯಲಿಲ್ಲ.

ಕಂಪ್ಯೂಟರ್ ಕೋಣೆ ಮಕ್ಕಳಿಗೇ ಉಳಿದಿದೆ. ಅಕ್ಕಿಚೀಲಗಳನ್ನು ಸ್ಟಾಫ್ ರೂಮಿನಲ್ಲಿ, ನನ್ನ ಕುರ್ಚಿ ಇದ್ದ ಜಾಗದಲ್ಲಿ ಇಟ್ಟಿದ್ದಾರೆ.