ಹದಿನೆಂಟು ವರ್ಷ ಪರಿಶೀಲಿಸಿದ ಬೆಂಚು

ಸರ್ಕಾರಿ ನೌಕರರು ಸುಳ್ಳು ಹೇಳುತ್ತಾರೆಂದು ಜನ ಆಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದು ಅನ್ಯಾಯ. ನಾನು ಸುಳ್ಳು ಹೇಳಿದವನಲ್ಲ, ಬರೀ ಸಹಿ ಹಾಕಿದವನು. ಶಿವಾಜಿನಗರದ ನಮ್ಮ ಕಚೇರಿಯಲ್ಲಿ ಮೇಜು, ಕುರ್ಚಿ, ಬೀರುಗಳ ದಾಸ್ತಾನು ಪುಸ್ತಕ ನನ್ನ ವಶದಲ್ಲಿತ್ತು. ಪ್ರತಿ ಮಾರ್ಚಿನಲ್ಲೂ ಒಂದೊಂದು ವಸ್ತುವನ್ನೂ ಕಣ್ಣಾರೆ ಕಂಡು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರನ್ನು ತಾಳೆ ನೋಡಬೇಕೆಂಬುದು ನಿಯಮ. ಹಿಂದಿನ ವರ್ಷದ ಪುಟ ನೋಡಿಕೊಂಡು ಈ ವರ್ಷದ ಪುಟಕ್ಕೆ ಟಿಕ್ ಹಾಕುವುದು ಪದ್ಧತಿ. ಹಿರಿಯರ ದಾರಿ ಬಿಟ್ಟು ನಡೆಯುವ ಜಾಯಮಾನ ನನ್ನದಲ್ಲ. ಹದಿನೆಂಟು ಮಾರ್ಚ್ ಕುರ್ಚಿಯಿಂದ ಏಳದೆಯೇ ಕಳೆದೆ.

ನಿವೃತ್ತಿಗೆ ಮೂರು ತಿಂಗಳಿರುವಾಗ ಕಂಪ್ಯೂಟರ್ ಬಂತು, ಅದನ್ನು ನಡೆಸಲು ಶಬಾನಾ ಎಂಬ ಹುಡುಗಿಯೂ ಬಂದಳು. ಪ್ರತಿ ವಸ್ತುವಿಗೂ ಕಪ್ಪು ಗೆರೆಗಳ ಚೀಟಿ ಅಂಟಿಸಿ ಯಂತ್ರಕ್ಕೆ ತೋರಿಸಿದರೆ ಮಾತ್ರ ಆ ವಸ್ತು ಇದೆಯೆಂದು ಲೆಕ್ಕವಂತೆ. ನಾನು ಹೆಮ್ಮೆಯಿಂದ ನನ್ನ ಟಿಕ್ಕುಗಳನ್ನು ತೋರಿಸಿದೆ.

"ಅಂಕಲ್, ಇದು ಟಿಕ್ ಎಲ್ಲಾ ನಂಬಲ್ಲ. ಸಾಮಾನೇ ತೋರಿಸ್ಬೇಕು" ಎಂದಳು. ನಮ್ಮ ಅತ್ತೆಯವರ ನಂತರ ಇಷ್ಟು ಅಪನಂಬಿಕೆಯ ಜೀವವನ್ನು ನಾನು ಕಂಡಿರಲಿಲ್ಲ.

ವಾರದೊಳಗೆ ಎಲ್ಲವೂ ಸಿಕ್ಕಿದವು, ನಲವತ್ತೊಂದನೆಯ ನಂಬರಿನ ತೇಗದ ಬೆಂಚೊಂದನ್ನು ಬಿಟ್ಟು. ಪುಸ್ತಕದಲ್ಲಿ ಅದರ ಮುಂದೆ ನನ್ನ ಹದಿನೆಂಟು ಸಹಿಗಳು ಸಾಲಾಗಿ ನಿಂತಿದ್ದವು. ಬೆಂಚು ಸಿಗುವವರೆಗೆ ನನ್ನ ಪಿಂಚಣಿ ಕಾಗದ ಮೇಲೆ ಹೋಗುವುದಿಲ್ಲವೆಂದು ಸಾಹೇಬರು ನಗುನಗುತ್ತಲೇ ಹೇಳಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಳೇ ದಾಖಲೆಯ ಕೋಣೆ, ತಾರಸಿ, ಸೈಕಲ್ ಶೆಡ್ಡು ಎಲ್ಲ ಜಾಲಾಡಿದೆ. ಹದಿನೆಂಟು ವರ್ಷ ಉಳಿಸಿದ ನಡಿಗೆಯನ್ನು ಮೂರೇ ದಿನದಲ್ಲಿ ತೀರಿಸಿದೆ.

ಕೊನೆಗೆ ಸೋತು, ಗೇಟಿನಾಚೆ ಮಣಿಯ ಟೀ ಅಂಗಡಿಯಲ್ಲಿ ಕೂತು ಅವನೆದುರು ಗೋಳು ತೋಡಿಕೊಂಡೆ.

"ಎನ್ನ ಸಾರ್, ಅದ್ರ ಮೇಲೇ ಕೂತ್ಕೊಂಡು ಅದನ್ನೇ ಹುಡುಕ್ತಾ ಇದೀರಾ?" ಎಂದ ಮಣಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ. "ನೀವು ಈ ಆಫೀಸಿಗೆ ಬಂದ ವರ್ಷ ಸುಣ್ಣ ಹೊಡೀವಾಗ ನೀವೇ ತಾನೆ ಹೊರಗೆ ಹಾಕ್ಸಿದ್ದು? ನಾಳೆ ಒಳಗಿಡಿಸ್ತೀನಿ ಅಂದ್ರಿ."

ಬಗ್ಗಿ ನೋಡಿದೆ. ಹಲಗೆಯಡಿ ಬಿಳಿ ಬಣ್ಣದ ನಲವತ್ತೊಂದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಆದರೂ ನನ್ನ ಸಹಿಗಳು ಸುಳ್ಳಲ್ಲವೆಂದು ಸಂತೋಷವಾಯಿತು. ದಿನಕ್ಕೆರಡು ಸಲ ಕೂತು ಪರಿಶೀಲಿಸಿದ ಇನ್ನೊಂದು ಸರ್ಕಾರಿ ಬೆಂಚು ಈ ರಾಜ್ಯದಲ್ಲಿದ್ದರೆ ತೋರಿಸಿ!

ಬೆಂಚನ್ನು ಒಳಗೆ ಹೊರಿಸಿದೆ. ಶಬಾನಾ ಸೊಟ್ಟಗೆ ಅಂಟಿದ ಚೀಟಿಯೊಂದನ್ನು ಕಿತ್ತು ಬೆಂಚಿನ ಮೂಲೆಗಿಟ್ಟು, ಹೊಸದನ್ನು ಅಂಟಿಸಿದಳು. ಯಂತ್ರ ಕುಂಯ್ ಎಂದಿತು. ಆ ನೆಮ್ಮದಿಗೆ ನಾನು ಬೆಂಚಿನ ಮೇಲೆಯೇ ಕುಸಿದು ಕೂತೆ.

ಸಂಜೆ ಹಲಸೂರಿನ ಮನೆಯಲ್ಲಿ ಹೆಂಡತಿ ನನ್ನನ್ನು ತಡೆದು ನಿಲ್ಲಿಸಿದಳು. "ಏನ್ರೀ ಇದು, ಪ್ಯಾಂಟಿನ ಹಿಂದೆ 'ಸರ್ಕಾರಿ ಸ್ವತ್ತು' ಅಂತ ಚೀಟಿ?" ನಡೆದದ್ದೆಲ್ಲ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಚೀಟಿ ಕಿತ್ತು ಕೈಗಿಟ್ಟು, "ರಿಟೈರಾದ್ಮೇಲೆ ಈ ಸ್ವತ್ತು ನನ್ನ ವಶಕ್ಕೆ ಬರುತ್ತಲ್ಲ. ನಾನು ಟಿಕ್ ಹಾಕ್ಕೊಂಡು ಕೂರೋಳಲ್ಲ, ಈಗ್ಲೇ ಹೇಳಿದೀನಿ" ಎಂದಳು.

ಈಗ ನಿವೃತ್ತನಾಗಿ ಮನೆ ಸೇರಿದ ಮೇಲೆ ಕಂಪ್ಯೂಟರಿನ ಮೇಲಿನ ಕೋಪವೆಲ್ಲ ಇಳಿದಿದೆ. ಅದಾದರೆ 'ಎಲ್ಲಿದೆ, ತೋರಿಸು' ಎಂದು ಕೇಳುವುದು ವರ್ಷಕ್ಕೊಮ್ಮೆ ಮಾತ್ರ.