ಮೂರೂವರೆ ಪೌಂಡಿನ ಮಗಳು

ತಕ್ಕಡಿ ಹಿಡಿದು ಬದುಕುವವರಿಗೆ ಒಂದು ಜಂಬ ಇರುತ್ತದೆ, ನನಗೂ ಇತ್ತು. ಅರಕಲಗೂಡಿನಲ್ಲಿ ನನ್ನದು ದಿನಸಿ ಅಂಗಡಿ. ಬೆಲ್ಲದ ಅಚ್ಚನ್ನು ಅಂಗೈ ಮೇಲಿಟ್ಟುಕೊಂಡೇ ತೂಕ ಹೇಳುತ್ತಿದ್ದೆ. ಖಾಲಿ ಡಬ್ಬದ ತೂಕ ಕಳೆಯದೆ ಯಾರಿಗೂ ಎಣ್ಣೆ ತೂಗಿದವನಲ್ಲ. ಆದರೆ ಹೆಂಡತಿ ಗಿರಿಜಾ ಹಾಸನದ ಆಸ್ಪತ್ರೆಯಲ್ಲಿ ಏಳು ತಿಂಗಳಿಗೇ ಹೆತ್ತು, ಮೂರೂವರೆ ಪೌಂಡಿನ ಮಗಳನ್ನು ಮನೆಗೆ ತಂದಾಗ, ಆ ಕೂಸನ್ನು ಎತ್ತಿಕೊಳ್ಳಲು ನನಗೆ ಧೈರ್ಯವೇ ಬರಲಿಲ್ಲ.

"ಬೆಚ್ಚಗಿಡಿ, ಎದೆಹಾಲು ಹಿಂಡಿ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಿ, ವಾರವಾರ ತೂಕ ನೋಡಿ. ಇಳಿದರೆ ತಡಮಾಡದೆ ಕರ್ಕೊಂಡ್ಬನ್ನಿ" ಎಂದಿದ್ದರು ಡಾಕ್ಟರು. ಗಿರಿಜಾ ಮಗುವನ್ನು ಎದೆಗೆ ಅವುಚಿಕೊಂಡೇ ಕೂತಿರುತ್ತಿದ್ದಳು. ನಾನು ಬಿಸಿನೀರಿನ ಸೀಸೆಗಳಿಗೆ ಬಟ್ಟೆ ಸುತ್ತಿ ತೊಟ್ಟಿಲ ಅಕ್ಕಪಕ್ಕ ಇಡುತ್ತಿದ್ದೆ. ನೋಡಲು ಬಂದವರನ್ನೆಲ್ಲ ನಮ್ಮವ್ವ ಜಗಲಿಯಲ್ಲೇ ಕೂರಿಸಿ ಎಲೆ ಅಡಕೆ ಕೊಟ್ಟು ಕಳಿಸಿಬಿಡುತ್ತಿದ್ದಳು. ನನ್ನ ಸ್ವಂತ ಅತ್ತಿಗೆಯೂ ಹಾಗೇ ವಾಪಸ್ಸಾದಳು. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಸೋಮವಾರ ಅಂಗಡಿಯ ತಕ್ಕಡಿಯನ್ನೇ ತೊಳೆದು ಒಳಗೆ ತಂದೆ. ಬಟ್ಟೆ ಬಿಚ್ಚಿದರೆ ಮಗುವಿಗೆ ಥಂಡಿಯಾದೀತೆಂದು, ಅಂಥದೇ ಬಟ್ಟೆಯನ್ನು ತೂಕದ ಬೊಟ್ಟಿನ ಕಡೆಯ ತಟ್ಟೆಗೂ ಹಾಕಿದೆ. ಎಷ್ಟು ಬುದ್ಧಿವಂತಿಕೆ ನೋಡಿ. ನಾಲ್ಕು ಪೌಂಡು ಬಂತು. ಆ ದಿನ ಗಿರಾಕಿಗಳಿಗೆಲ್ಲ ಕಲ್ಲುಸಕ್ಕರೆ ಹಂಚಿದೆ.

ಮುಂದಿನ ಸೋಮವಾರ ಮೂರೂಮುಕ್ಕಾಲು. ಮೂರು ಸಲ ತೂಗಿದೆ. ತಟ್ಟೆ ಅಲ್ಲೇ ನಿಂತಿತು. ಹಾಸನದ ಬಸ್ಸಿಗೆ ಹೊತ್ತಾಗುತ್ತಿತ್ತು. ಈ ಗಾಳಿಯಲ್ಲಿ ಕರೆದೊಯ್ದರೆ ಏನಾಗುವುದೋ, ಒಯ್ಯದಿದ್ದರೆ ಏನಾಗುವುದೋ ಎಂದು ಶಾಲುಗಳನ್ನು ಹುಡುಕುತ್ತ ಮನೆಯೆಲ್ಲ ಸುತ್ತಿದೆ. ಅವ್ವ ಮೂಲೆಯಲ್ಲಿ ಕೂತು, ಗಾಬರಿಗೋ ಏನೋ, ಒಂದೇ ಸಮನೆ ಅಡಕೆ ಕತ್ತರಿಸುತ್ತಿದ್ದಳು.

ಗಿರಿಜಾ ಅವಳ ಕೈಯನ್ನೇ ನೋಡಿದಳು. "ಅತ್ತೆ, ಓದ್ವಾರ ಈ ಅಡಕೊತ್ತು ಕಾಣ್ತಿಲ್ಲ ಅಂತ ಉಡುಕಿದ್ನಲ್ಲ, ಎಲ್ಲಿತ್ತು?"

"ಮಗೀನ ಬಟ್ಟೆ ಮಡಿಕೇಲಿ ಮಡಗಿದ್ದೆ ಕಣವ್ವ. ಗಾಳಿ ಸೋಕ್ಬಾರ್ದು ಅಂದ್ರೆ ಕಬ್ಬಿಣ ಇರ್ಬೇಕಲ್ಲ. ಈಗ ತೊಟ್ಲಿಗೆ ಮೊಳೆ ಒಡ್ದಿವ್ನಿ, ಅದುಕ್ಕೆ ತಗುದ್ಬುಟ್ಟೆ."

ಅಡಕೊತ್ತನ್ನು ತಕ್ಕಡಿಗೆ ಹಾಕಿದೆ. ಸರಿಯಾಗಿ ಅರ್ಧ ಪೌಂಡು. ಹೋದ ಸೋಮವಾರದ ನಾಲ್ಕು ಪೌಂಡಿನಲ್ಲಿ ಇದೂ ಸೇರಿತ್ತು. ಅಂದರೆ ಮಗು ಇಳಿದಿರಲಿಲ್ಲ, ಕಾಲು ಪೌಂಡು ಏರಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅವ್ವ ಬಾಯಿಗೆ ಅಡಕೆ ಹಾಕಿಕೊಂಡು, "ಬಟ್ಟೆ ತೂಕ ಕಳ್ದೋನು ಒಳಗೇನದೆ ಅಂತ ಮುಟ್ ನೋಡ್ಬಾರ್ದೇನ್ಲಾ? ಅಂಗೇ ಯಾಪಾರ ಮಾಡ್ತೀಯಾ?" ಎಂದಳು.

ಅದರ ಮುಂದಿನ ಸೋಮವಾರ ನಿಜವಾಗಿಯೂ ನಾಲ್ಕು ಪೌಂಡು ಬಂತು. ಆದರೆ ತೂಗಿದ್ದು ನಾನಲ್ಲ, ಗಿರಿಜಾ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ, ಆ ಕೈಯಲ್ಲಿ ಒಂದು ಪೌಂಡು ಬೇಳೆ ತೂಗಿದ್ದರೂ ಊರಿನವರು ನನ್ನ ಅಂಗಡಿ ಮುಚ್ಚಿಸುತ್ತಿದ್ದರು.