ಮನೆ ಮುಂದೆಯೇ ಒಂದು ದಿನದ ಪ್ರವಾಸ

ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬ ಪ್ರಶ್ನೆಗೆ ಇಡೀ ನ್ಯಾಮತಿಯಲ್ಲಿ ಸರಿಯಾದ ಉತ್ತರ ಗೊತ್ತಿರುವುದು ನನಗೊಬ್ಬಳಿಗೇ ಎಂದು ಹೋದ ಬೇಸಿಗೆಯವರೆಗೂ ದೃಢವಾಗಿ ನಂಬಿದ್ದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ನಾನು. ಎರಡು ಬಸ್ಸು ತುಂಬ ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ದು, ಒಬ್ಬನನ್ನೂ ಕಳೆಯದೆ ವಾಪಸ್ ತಂದವಳು. ಸ್ವಂತದ ಎರಡು ಮಕ್ಕಳು ಯಾವ ಲೆಕ್ಕ!

ಆದರೆ ಸ್ವಂತ ಮಕ್ಕಳ ಪ್ರವಾಸವೇ ಎರಡು ಸಲ ನಿಂತುಹೋಗಿತ್ತು. ಮೊದಲ ಸಲ ನನಗೆ ಪೇಪರ್ ತಿದ್ದುವ ಡ್ಯೂಟಿ ಬಂತು. ಎರಡನೇ ಸಲ, ಶಾಂತಿಸಾಗರದ ಕೆರೆ ನೋಡಲು ಬುತ್ತಿ ಕಟ್ಟಿಕೊಂಡು ಚಪ್ಪಲಿ ಹಾಕಿಕೊಳ್ಳುವಾಗಲೇ ನಮ್ಮತ್ತೆಗೆ ಎದೆ ಹಿಡಿದುಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ನಾಲ್ಕು ದಿನ ಇಟ್ಟುಕೊಂಡು, "ಗ್ಯಾಸು ಅಷ್ಟೆ. ಒಂದು ವಾರ ಒಬ್ಬರನ್ನೇ ಬಿಡಬೇಡಿ" ಎಂದು ಕಳಿಸಿದರು. ಶಾಲೆ ಶುರುವಾಗಲು ಐದೇ ದಿನ ಉಳಿದಿತ್ತು. ಆರನೇ ಕ್ಲಾಸಿನ ಮಗಳು ಸಿಂಚನ ಜಗಳವಾಡಲಿಲ್ಲ, ಅಳಲಿಲ್ಲ. ಬ್ಯಾಗಿಗೆ ತುಂಬಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿಟ್ಟಳು. "ಈ ಸಲನೂ ಇಲ್ವೇನಕ್ಕ?" ಎಂದು ತಮ್ಮ ಪ್ರೀತು ಕೇಳಿದ್ದಕ್ಕೆ, "ಮುಂದಿನ ವರ್ಷ ಕಣೋ" ಎಂದು ದೊಡ್ಡವಳಂತೆ ಸಮಾಧಾನ ಹೇಳಿದಳು. ಆಕಾಶ ಕೆಳಗೆ ಬಿದ್ದರೂ ಸರಿ, ಈ ರಜೆಯಲ್ಲಿ ಇವರಿಗೊಂದು ಪ್ರವಾಸ ಮಾಡಿಸಿಯೇ ಸಿದ್ಧ ಎಂದು ಅಲ್ಲೇ ತೀರ್ಮಾನಿಸಿದೆ.

ಮಕ್ಕಳು ಮೊಬೈಲಿನಲ್ಲಿ ಯಾರೋ ಟೆಂಟಿನಲ್ಲಿ ಮಲಗಿ, ಹೊರಗೆ ಸೌದೆ ಉರಿಸಿ ಕುಣಿಯುವ ವಿಡಿಯೋ ನೋಡಿ ಬಾಯಿ ಬಿಡುತ್ತಿದ್ದರು. ಅಲ್ಲಿಂದಲೇ ನನಗೆ ಆ ಮಹಾ ಉಪಾಯ ಹೊಳೆದದ್ದು.

"ರೀ, ನಾವು ಹೋಗಾಕೆ ಆಗದಿದ್ರೆ ಏನಾಯ್ತು, ಪ್ರವಾಸನೇ ಮನೆಗೆ ಬರಲಿ. ಮನೆ ಮುಂದೆ ಟೆಂಟ್ ಹಾಕ್ಸಾಣ" ಎಂದೆ ನನ್ನ ಯಜಮಾನರಿಗೆ. ಅವರದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ. ಮಾತು ಕಡಿಮೆ.

"ನ್ಯಾಮತಿಯಾಗೆ ಟೆಂಟ್ ಎಲ್ಲಿ ಸಿಗ್ತೈತೆ?"

"ಶಾಮಿಯಾನ ಸಿಗ್ತೈತಲ್ಲ!"

ಶಾಮಿಯಾನದವನಿಗೆ ಫೋನ್ ಮಾಡಿದೆ. "ಮೇಡಮ್ಮೋರೇ, ಮದುವೆ ಸೀಜನ್ನು, ಬಣ್ಣದವೆಲ್ಲ ಹೋಗ್ಯಾವೆ. ಬಿಳೇದು ಒಂದೇ ಐತೆ" ಎಂದ. ಅದೇ ಕಳಿಸು, ನಾಳೆ ಬೆಳಿಗ್ಗೆ ಏಳಕ್ಕೆಲ್ಲ ಮನೆ ಮುಂದೆ ಇರಬೇಕು ಎಂದೆ. ಅವನ ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. "ಆಯ್ತು ಬಿಡ್ರಿ, ಮೂವತ್ತು ಕುರ್ಚಿನೂ ಕಳಿಸ್ತೀನಿ. ಅಡ್ವಾನ್ಸ್ ಗಿಡ್ವಾನ್ಸ್ ಏನೂ ಬ್ಯಾಡ" ಎಂದ. ಈ ಕಾಲದಲ್ಲೂ ಶಿಕ್ಷಕರ ಮೇಲೆ ಜನರಿಗೆ ಎಷ್ಟು ಗೌರವ ಎಂದು ನನ್ನ ಕಣ್ಣು ತುಂಬಿ ಬಂತು!

"ಬಿಳೇದಾ?" ಎಂದರು ಯಜಮಾನರು.

"ಬಿಳಿ ತಂಪು ಕಣ್ರೀ. ವಿಜ್ಞಾನ."

ಅವರು ತಲೆಯಾಡಿಸಿ ಅಂಗಡಿಗೆ ಹೊರಟರು. ಆವತ್ತು ಅವರು ಮಾತಾಡಬೇಕಿತ್ತು.

ಮರುದಿನ ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದೆ. ಏಳಕ್ಕೆ ಟೆಂಟ್ ಪ್ರವೇಶ. ಎಂಟಕ್ಕೆ ಎಲ್ಲರ ಮೊಬೈಲೂ ಆಫ್, ಬೀರುವಿನಲ್ಲಿ ಬಂಧನ. ನಿಜವಾದ ಪ್ರವಾಸವೆಂದರೆ ಹೊರಜಗತ್ತಿನ ಸಂಪರ್ಕವೇ ಇರಬಾರದು ನೋಡಿ! ಅತ್ತೆ ಮಾತ್ರೆ ನುಂಗಿ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಮಕ್ಕಳು ಶಾಮಿಯಾನದ ಕೆಳಗೆ ಜಮಖಾನ ಹಾಸಿ ಹಾವು-ಏಣಿ ಆಟಕ್ಕೆ ಕೂತರು. ಯಜಮಾನರು ಒಂದು ಗಾಡಿ ಸೌದೆ ತರಿಸಿ ಬಾಗಿಲ ಪಕ್ಕದಲ್ಲೇ ಒಟ್ಟಿದರು.

ಹತ್ತು ಗಂಟೆಗೆ ಎದುರು ಮನೆ ಶಂಕ್ರಮ್ಮ ದೊಡ್ಡ ಪಾತ್ರೆ ತುಂಬ ಉಪ್ಪಿಟ್ಟು ತಂದಿಟ್ಟರು. "ನೀವು ಇವತ್ತು ಒಲೆ ಹಚ್ಚಬ್ಯಾಡ್ರಿ ಟೀಚರ್. ಮಧ್ಯಾಹ್ನ ಅನ್ನ ಸಾರೂ ನಾವೇ ತರ್ತೀವಿ. ಧೈರ್ಯ ತಗೊಳ್ರಿ" ಎಂದು ನನ್ನ ಕೈ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ರಜೆಯಲ್ಲಿ ಎರಡು ಮಕ್ಕಳನ್ನು ಸಂಭಾಳಿಸಲು ಧೈರ್ಯ ಬೇಕು, ನಿಜವೇ. ಆದರೆ ಅಳುವಂಥದ್ದೇನಿದೆ? ಉಪ್ಪಿಟ್ಟು ಮಾತ್ರ ಬಹಳ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಆಮೇಲೆ ಕುರ್ಚಿಗಳು ತುಂಬತೊಡಗಿದವು. ಬೀದಿಯ ಗಂಡಸರು ಒಬ್ಬೊಬ್ಬರೇ ಬಂದು, ಟವೆಲ್ಲು ತೊಡೆ ಮೇಲಿಟ್ಟು, ನೆಲ ನೋಡುತ್ತ ಕೂತರು. ಯಾರೂ ಏನೂ ಕೇಳಲಿಲ್ಲ. ಅಂಥ ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ! ನಮ್ಮ ಟೆಂಟಿನ ನೆರಳು ಇಡೀ ಬೀದಿಗೆ ಹಿಡಿಸಿದೆ ಎಂದು ಹೆಮ್ಮೆಪಟ್ಟು ಎಲ್ಲರಿಗೂ ನಗುನಗುತ್ತ ಪಾನಕ ಕೊಟ್ಟೆ. "ಪಾಪ, ತಲೆಗೆ ಹತ್ತೈತೆ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಬಿಸಿಲಿನ ವಿಷಯ ಇರಬೇಕೆಂದುಕೊಂಡೆ.

ನಾಲ್ಕು ಗಂಟೆಗೆ ವೇಳಾಪಟ್ಟಿಯ ಪ್ರಕಾರ ಕ್ಯಾಂಪ್‌ಫೈರಿನ ರಿಹರ್ಸಲ್. ಸೌದೆ ಹಸಿ. ಉರಿ ಹತ್ತಲಿಲ್ಲ, ಹೊಗೆ ಮಾತ್ರ ಬೀದಿಯ ತುದಿ ಮುಟ್ಟಿತು. ಕೂತಿದ್ದವರೆಲ್ಲ ಎದ್ದು ನಿಂತರು. ಅದೇ ಹೊತ್ತಿಗೆ ಎರಡು ಟೆಂಪೋ ಬಂದು ನಿಂತವು. ಒಂದರಿಂದ ಬಸವಾಪಟ್ಟಣದ ಸೋದರಮಾವ, ಅಂದರೆ ಅತ್ತೆಯ ತಮ್ಮ, ಆಳೆತ್ತರದ ಹಾರ ಹಿಡಿದು ಸಂಸಾರ ಸಮೇತ ಇಳಿದರು. ಇನ್ನೊಂದರಿಂದ ಜಗಳೂರಿನ ಸೊಕ್ಕೆಗೆ ಕೊಟ್ಟಿದ್ದ ಯಜಮಾನರ ಅಕ್ಕ ಗಿರಿಜಕ್ಕ ಮಕ್ಕಳನ್ನು ಕಟ್ಟಿಕೊಂಡು ಇಳಿದು, ನಿಂತಲ್ಲೇ ಕುಸಿದು ಕೂತರು.

"ಯವ್ವಾ... ಉಗಾದಿಗೆ ಬಾರೇ ಅಂತ ಕರೆದ್ಯಲ್ಲೇ... ಬರದಂಗಾದೆನಲ್ಲೇ ಪಾಪಿ..."

ನನ್ನ ಕೈಲಿದ್ದ ಊದುಗೊಳವೆ ಕೆಳಗೆ ಬಿತ್ತು. ಬಿಳಿ ಶಾಮಿಯಾನ, ಕುರ್ಚಿ, ಸೌದೆ, ಹೊಗೆ, ಆಸ್ಪತ್ರೆಯಿಂದ ಬಂದ ಮುದುಕಿ, ಆಫ್ ಮಾಡಿಟ್ಟ ಫೋನು! ಬೀದಿಯವರೇ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಅಳು ಕೇಳಿ ಎಚ್ಚರಗೊಂಡ ಅತ್ತೆ ಸೀರೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಮಗಳು ತಲೆಬಾಗಿ ಅಳುತ್ತಿರುವುದು ಕಂಡದ್ದೇ ತಡ, ಪಕ್ಕದಲ್ಲಿ ಕೂತು ಬಿಗಿಯಾಗಿ ತಬ್ಬಿಕೊಂಡು ತಾವೂ ಹೋ ಎಂದು ಅಳತೊಡಗಿದರು.

"ಯಾರ್ ಹೋದ್ರೇ ಗಿರಿಜಾ? ಅಳಿಯಂದ್ರಾ?"

"ಅವ್ವ ಹೋದ್ಲು..."

"ಯಾರವ್ವ?"

"ನಮ್ಮವ್ವ!" ಎಂದು ಗಿರಿಜಕ್ಕ ತಲೆಯೆತ್ತಿದರು.

ಆ ಕಿರುಚಾಟಕ್ಕೆ ಕುರ್ಚಿಗಳು ಉರುಳಿದವು. ಸೋದರಮಾವ ಹಾರದ ಸಮೇತ ಟೆಂಪೋ ಹತ್ತಿದರು!

ವಿಷಯ ತಿಳಿದ ಮೇಲೆ ಜನ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಗಿರಿಜಕ್ಕ ಮಾತ್ರ ತಾಯಿಯ ಕೆನ್ನೆ, ಕೈ, ಭುಜ ಮುಟ್ಟಿ ಮುಟ್ಟಿ ನೋಡುತ್ತ, ಅಳುತ್ತ, ನಗುತ್ತ ಕೂತುಬಿಟ್ಟರು. ಮಾವ ಟೆಂಪೋದಿಂದಲೇ ಗುಡುಗಿದರು. "ಮೊದ್ಲು ಆ ಶಾಮಿಯಾನ ಬಿಚ್ಚಿಸ್ರಿ! ಬದುಕಿರೋರ ಮನೆ ಮುಂದೆ ಅಪಶಕುನ!"

ಎರಡು ಜನ ಗೂಟಕ್ಕೆ ಕೈ ಹಾಕಿಯೇ ಬಿಟ್ಟರು. ಸಿಂಚನ ಹಾವು-ಏಣಿಯ ಕಾಯಿಗಳನ್ನು ಆಯ್ದು ಡಬ್ಬಿಗೆ ಹಾಕತೊಡಗಿದಳು. ಮೂರನೇ ಸಲವೂ ಹೋಯಿತಲ್ಲ ಎಂದು ನಾನು ಕಂಬ ಹಿಡಿದು ನಿಂತೆ.

"ಗೂಟ ಮುಟ್ಟಿದ್ರೆ ನೋಡ್ರಿ!" ಅತ್ತೆಯ ದನಿ. "ಹುಡುಗ್ರು ಮಲಗಾಕೆ ಅಂತ ಹಾಕ್ಸಿದ್ದು ಅದು. ಮಲಗ್ಲಿ. ಅಪಶಕುನ ನನಗೆ ತಾನೇ? ನಾನು ನೋಡ್ಕೊಂತೀನಿ. ಲೋ ತಮ್ಮ, ಆ ಹಾರ ಇಲ್ಲಿ ಕೊಡು. ಬದುಕಿದ್ದಾಗ ಒಂದು ಮೊಳ ಮಲ್ಲಿಗೆ ತಂದೋನಲ್ಲ ನೀನು!"

ಆ ರಾತ್ರಿ ಎರಡು ಟೆಂಪೋದ ಮಕ್ಕಳೂ ಸೇರಿ ಹನ್ನೊಂದು ಜನ ಆ ಬಿಳಿ ಬಟ್ಟೆಯ ಕೆಳಗೆ ಸಾಲಾಗಿ ಮಲಗಿದರು. ಕ್ಯಾಂಪ್‌ಫೈರನ್ನು ಗಿರಿಜಕ್ಕನೇ ಸೀಮೆಎಣ್ಣೆ ಸುರಿದು ಹತ್ತಿಸಿದರು. ಬೆಳಿಗ್ಗೆ ಸಿಂಚನ ಕೆದರಿದ ತಲೆಯಲ್ಲೇ ಅಡುಗೆಮನೆಗೆ ಓಡಿಬಂದು, "ಅಮ್ಮ, ಇನ್ನೊಂದು ದಿನ ಇರಲಿ, ಪ್ಲೀಸ್!" ಎಂದು ಸೊಂಟ ತಬ್ಬಿಕೊಂಡಳು. ನನ್ನ ಜೀವನ ಸಾರ್ಥಕವಾಯಿತು. ಇಷ್ಟು ಸಾಕಿತ್ತು, ನಾನು ಹೊರಗೆ ಹೋಗಬಾರದಿತ್ತು.

ಹೋದೆ. ಅತ್ತೆ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕಾಫಿ ಕುಡಿಯುತ್ತ, ಬೀದಿಯ ಹೆಂಗಸರ ಮಧ್ಯೆ, ಯಾರು ಎಷ್ಟು ಅತ್ತರು ಎಂಬ ವಿಚಾರಣೆ ನಡೆಸಿದ್ದರು.

"ಗಿರಿಜಾ ಅತ್ತಳು. ತಮ್ಮ ಅತ್ತ. ಶಂಕ್ರಮ್ಮ ಹೊರಗಿನೋಳು, ಅವಳೂ ಅತ್ತಳಂತೆ. ನಮ್ಮನೆ ಸೊಸೆ ಒಬ್ಳು ಮಾತ್ರ ಎರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡು, ಬಂದೋರಿಗೆಲ್ಲ ನಕ್ಕೊಂತ ಪಾನಕ ಕೊಟ್ಟಳಂತೆ!"

ನನಗೆ ನಿಜವಾಗಿಯೂ ಅಳು ಒತ್ತರಿಸಿ ಬಂತು. ಅತ್ತೆ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ಈಗ ಅತ್ರೆ ಲೆಕ್ಕಕ್ಕಿಲ್ಲ ಬಿಡವ್ವ."